ಅತ್ತಿಗೆ ಹಿಡಿದ ಗೋಡೆ

ಅತ್ತಿಗೆ ಗೋಡೆ ಹಿಡಿದ ಬೆಳಿಗ್ಗೆ ಬೀದಿಯಲ್ಲಿ ಮೊದಲು ಬಿಕ್ಕಳಿಸಿದವಳು ಎದುರು ಮನೆಯ ದುಂಡಮ್ಮ. ಬಾಯಲ್ಲಿದ್ದ ಎಲೆಯಡಿಕೆ ಆಗಷ್ಟೇ ಬಿಟ್ಟ ರಂಗೋಲಿಯ ಮೇಲೆ ಹೋಗಿ ಬಿತ್ತು. ಅವಳ ಬೆನ್ನಿಗೇ ಬಳೆ ಅಂಗಡಿಯವನು ಬಿಕ್ಕಳಿಸಿದ, ಆಮೇಲೆ ಸೈಕಲ್ ರಿಪೇರಿಯವನು, ಆಮೇಲೆ ಅಂಚೆ ಕಚೇರಿಯ ಮೆಟ್ಟಿಲ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಮೂವರು ಮುದುಕರು ಸಾಲಾಗಿ. ದುಂಡಮ್ಮ ಬಾಯಿ ಒರೆಸಿಕೊಂಡು ತನ್ನಷ್ಟಕ್ಕೆ ಯೋಚಿಸಿದಳು. "ಬಾವಿಕಟ್ಟೆ ಇರಲಾರದು, ಅದನ್ನ ಮೊನ್ನೆ ತಾನೆ ಒಪ್ಪಿಸಿದ್ರು. ಹುಣಸೇಮರ ಇರಲಾರದು, ಕೊಡಲಿ ಸದ್ದಿಲ್ಲ. ಗೋಡೆ. ಯಾರೋ ಗೋಡೆ ಹಿಡಿದವ್ರೆ."

ಬೇರೆ ಊರುಗಳಲ್ಲಿ ಬಿಕ್ಕಳಿಸಿದರೆ ಯಾರೋ ನೆನೆಸಿಕೊಂಡರು ಅನ್ನುತ್ತಾರೆ. ನಮ್ಮೂರಲ್ಲಿ ಅಷ್ಟು ಪ್ರೀತಿ ಇಲ್ಲ. ಇಲ್ಲಿ ಯಾವ ವಸ್ತುವಿನ ಮೇಲಾದರೂ ಯಾರು ಬೇಕಾದರೂ ಅಂಗೈ ಊರಿ 'ಕಣ್ಣಿಟ್ಟೆ' ಅನ್ನಬಹುದು. ಕಣ್ಣು ಬಿದ್ದ ವಸ್ತು ಬಿಗಿಯಾಗುತ್ತದೆ. ಮೊಳೆ ಹೊಡೆದರೆ ಮೊಳೆಯೇ ಬಗ್ಗುತ್ತದೆ, ಸುಣ್ಣ ಬಳಿದರೆ ಜಾರಿ ನೆಲಕ್ಕೆ ಇಳಿಯುತ್ತದೆ. ಬದಲಿಸಬೇಕಾದವರು ಅದನ್ನು ಮುಟ್ಟಿ 'ಹಿಡಿದೆ' ಅನ್ನಬೇಕು. ಆಗ ವಸ್ತು ಸಡಿಲವಾಗುತ್ತದೆ, ಕಣ್ಣಿಟ್ಟವರೆಲ್ಲರಿಗೂ ಬಿಕ್ಕಳಿಕೆ ಶುರುವಾಗುತ್ತದೆ. ಕೆಲಸ ಮುಗಿದ ಮೇಲೆ ಹಿಡಿದವರು 'ಒಪ್ಪಿಸಿದೆ' ಅಂದರೆ ಬದಲಾದದ್ದು ಹಾಗೇ ನಿಂತು ಮತ್ತೆ ಬಿಗಿಯಾಗುತ್ತದೆ. 'ಬಿಟ್ಟೆ' ಅಂದರೆ ವಸ್ತು ಮೊದಲು ಇದ್ದ ಹಾಗೆ ಆಗುತ್ತದೆ. ಯಾವುದನ್ನು ಅಂದರೂ ಬಿಕ್ಕಳಿಕೆ ನಿಲ್ಲುತ್ತದೆ, ಏನೂ ಅನ್ನದಿದ್ದರೆ ನಿಲ್ಲುವುದಿಲ್ಲ. ಬಿಕ್ಕಳಿಕೆ ಬೇಡದವರು ಕಣ್ಣು ತೆಗೆಯಬಹುದು, ಆದರೆ ಒಮ್ಮೆ ತೆಗೆದ ಕಣ್ಣನ್ನು ಅದೇ ವಸ್ತುವಿನ ಮೇಲೆ ಮತ್ತೆ ಇಡಲಾಗುವುದಿಲ್ಲ. ಯಾರ ಕಣ್ಣೂ ಇಲ್ಲದ ವಸ್ತುವಿಗೆ ಯಾವ ಮಾತೂ ತಾಕುವುದಿಲ್ಲ. ಅದನ್ನು ಒಡೆಯಿರಿ, ಕಟ್ಟಿರಿ, ಬೈಯಿರಿ, ಅದು ಸುಮ್ಮನೆ ಕಲ್ಲೋ ಮರವೋ ಆಗಿರುತ್ತದೆ.

ಕಣ್ಣಿಡಲು ಖರ್ಚಿಲ್ಲವಾದ್ದರಿಂದ ಜನ ಕಂಡದ್ದಕ್ಕೆಲ್ಲ ಇಡುತ್ತಾರೆ. ದಿನವಿಡೀ ಬಿಕ್ಕಳಿಸುವವರಿಗೆ ಊರಲ್ಲಿ ಮರ್ಯಾದೆ ಇದೆ. ಗಂಡು ನೋಡಲು ಹೋದವರು ಹುಡುಗ ಕಾಫಿ ಕುಡಿಯುವುದನ್ನೇ ನೋಡುತ್ತ ಕಾಯುತ್ತಾರೆ, ಲೋಟ ಖಾಲಿಯಾಗುವವರೆಗೆ ಒಮ್ಮೆಯೂ ಬಿಕ್ಕಳಿಸದಿದ್ದರೆ, ಪಾಪ, ಇವನಿಗೆ ಯಾವುದರ ಮೇಲೂ ಕಣ್ಣಿಲ್ಲ ಅಂದುಕೊಂಡು ಎದ್ದು ಬರುತ್ತಾರೆ. ನಾನಿಟ್ಟಿದ್ದ ಕಣ್ಣುಗಳನ್ನು ಹಾಸ್ಟೆಲ್ಲಿಗೆ ಹೋಗುವಾಗ ತೆಗೆದು ಹೋದೆ. ಪರೀಕ್ಷೆ ಬರೆಯುವಾಗ ಊರಿನ ಬಸ್‌ಸ್ಟ್ಯಾಂಡಿನ ಬೆಂಚಿಗಾಗಿ ಬಿಕ್ಕಳಿಸುವುದು ನನಗೆ ಬೇಕಿರಲಿಲ್ಲ.

'ಬಿಟ್ಟೆ' ಅನ್ನುವ ಮಾತು ನಮ್ಮೂರಿನ ನಾಲಿಗೆಯಲ್ಲೇ ಇಲ್ಲ. ಉಂಡುಬಿಟ್ಟೆ ಅನ್ನುವುದಿಲ್ಲ, ಉಂಡೆ ಅನ್ನುತ್ತೇವೆ. ಮರೆತುಬಿಟ್ಟೆ ಅನ್ನುವುದಿಲ್ಲ, ಮರೆತೆ ಅನ್ನುತ್ತೇವೆ. ಅದಕ್ಕೇ ಇರಬೇಕು, ನಮ್ಮೂರಿನವರು ಮರೆತದ್ದಕ್ಕೆ ನೊಂದುಕೊಂಡ ಹಾಗೆ ಕಾಣುವುದಿಲ್ಲ. ಇನ್ನೊಂದು ಮಾತಿನ ಬಾಲಕ್ಕೆ ಅಂಟಿಕೊಂಡಿದ್ದರೂ ಬಿಟ್ಟೆ ಬಿಟ್ಟೆಯೇ. ಗೋಡೆ ವ್ಯಾಕರಣ ನೋಡುವುದಿಲ್ಲ. ಹಾಸ್ಟೆಲ್ಲಿನಲ್ಲಿ ನಾನೂ ಆ ಮಾತು ಕಲಿತೆ, ರಜೆಗೆ ಬರುವಾಗ ಬಸ್ಸಿನಲ್ಲೇ ಕಳಚಿ ಬರುತ್ತಿದ್ದೆ. ಅತ್ತಿಗೆ ಚೆನ್ನಾಜಮ್ಮ ಬೇರೆ ಊರಿನವಳು. ಅವಳ ತವರಿನಲ್ಲಿ ಬಿಟ್ಟೆ ಇಲ್ಲದೆ ಮಾತೇ ಮುಗಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ಅವಳು ಬಚ್ಚಲಿಂದ ಬಂದು, "ಕಾಲು ಜಾರಿ ಬಿದ್ದೇಬಿಟ್ಟೆ" ಅಂದಾಗ ಮನೆಗೆ ಬಂದಿದ್ದ ನೆಂಟರು ಕಿವಿ ಮುಚ್ಚಿಕೊಂಡರು. ಬಿದ್ದದ್ದಕ್ಕೆ ಪೆಟ್ಟಾಯಿತೇ ಅಂತ ಯಾರೂ ಕೇಳಲಿಲ್ಲ.

ನಮ್ಮ ಮನೆಗೆ ಬಾಗಿಲಿರಲಿಲ್ಲ. ಅಂದರೆ ಇತ್ತು, ಅದು ದೊಡ್ಡಪ್ಪ ಮುದ್ದುವೀರಪ್ಪನ ಹಿಟ್ಟಿನ ಮಿಲ್ಲಿನೊಳಕ್ಕೆ ತೆರೆಯುತ್ತಿತ್ತು. ಬೀದಿಗೆ ಹೋಗಬೇಕಾದರೆ ಮಿಲ್ಲು ದಾಟಬೇಕು. ಹೀಗಾಗಿ ನಾವೆಲ್ಲ ಊರಿಗೆ ಪರಿಚಯವಾದದ್ದೇ ಬೆಳ್ಳಗೆ. ನನ್ನ ಹತ್ತನೇ ತರಗತಿಯ ಫೋಟೋದಲ್ಲಿ ಒಂದು ಕಿವಿ ರಾಗಿ ಹಿಟ್ಟಿನ ಬಣ್ಣಕ್ಕಿದೆ. ದೊಡ್ಡಪ್ಪ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ದಾಟುವವರನ್ನು ಎಲ್ಲಿಗೆ ಅಂತ ಕೇಳುತ್ತಿದ್ದ. ಹೇಳಿದ ಮೇಲೆ, "ಹೆಂಗೂ ಬಂದಿದ್ದೀಯಲ್ಲ, ಆ ಡಬ್ಬ ಎತ್ತಿ ಸುರಿ" ಅನ್ನುತ್ತಿದ್ದ. ತರಕಾರಿಗೆ ಹೊರಟ ಅತ್ತಿಗೆ ಯಾರದೋ ಗೋಧಿ ಸುರಿದು, ಯಾರದೋ ಹಿಟ್ಟು ಜರಡಿ ಹಿಡಿದು, ಇನ್ಯಾರದೋ ಮೂಟೆಯ ಬಾಯಿ ಕಟ್ಟಿ ಹೊರಡುವಷ್ಟರಲ್ಲಿ ಸಂತೆಯಲ್ಲಿ ಬಾಡಿದ ಸೊಪ್ಪಷ್ಟೇ ಉಳಿದಿರುತ್ತಿತ್ತು. ಅಣ್ಣ ಗುರುಮಲ್ಲ ಅದೇ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಅವನು ಬೀದಿಗೆ ಹೋಗುವ ಪ್ರಶ್ನೆಯೇ ಇರಲಿಲ್ಲ.

ಮಧ್ಯಾಹ್ನ ದೊಡ್ಡಪ್ಪ ಷಟರು ಎಳೆದು, ಹೊರಗಿನಿಂದ ಬೀಗ ಹಾಕಿ, ಮುಂದಿನ ಬೀದಿಯ ತನ್ನ ಮನೆಗೆ ಹೋಗಿ ಉಂಡು ಮಲಗುತ್ತಿದ್ದ. ಅವನು ಏಳುವವರೆಗೆ ನಾವು ಒಳಗೆ. ಒಂದು ಮಧ್ಯಾಹ್ನ ಅಣ್ಣನ ಮಗಳು ಗೌರಿಗೆ ಜ್ವರ ನೆತ್ತಿಗೇರಿ ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ಅತ್ತಿಗೆ ಒಳಗಿನಿಂದ ಷಟರು ಬಡಿದಳು. ಅಣ್ಣ ಪಕ್ಕದಲ್ಲಿ ನಿಂತು "ಇನ್ನೇನು ಬರ್ತಾನೆ, ಇನ್ನೇನು ಬರ್ತಾನೆ" ಅನ್ನುತ್ತಿದ್ದ. ಬೀದಿಯವರು ಆ ಸದ್ದು ಕೇಳಿ ಮಿಲ್ಲು ಓಡುತ್ತಿದೆ ಅಂದುಕೊಂಡರು. ಒಬ್ಬ ಗೋಧಿ ತಂದು ಹೊರಗೆ ಕಾದು ನಿಂತಿದ್ದ. ಮಗು ಉಳಿಯಿತು, ಸಂಜೆ ಹೊತ್ತಿಗೆ ಐಸ್‌ಕ್ಯಾಂಡಿಯನ್ನೂ ಕೇಳಿತು. ಅತ್ತಿಗೆ ಮಾತ್ರ ಆಮೇಲೆ ಹಿಂದಿನ ಕೋಣೆಯ ಗೋಡೆಯನ್ನು ನೋಡುತ್ತ ಕೂರತೊಡಗಿದಳು. ಆ ಗೋಡೆಯ ಆಚೆ ಬೀದಿ.

ಅವಳು ದೊಡ್ಡಪ್ಪನನ್ನು ಕೇಳಿದ್ದು ನನ್ನೆದುರಿಗೇ. "ಮಾವ, ಹಿಂದಿನ ಕೋಣೆಗೆ ಒಂದು ಬಾಗಿಲು ಇಡಿಸ್ತೀನಿ."

"ಬಾಗಿಲು ಇದೆಯಲ್ಲಮ್ಮ."

"ಅದು ನಿಮ್ಮ ಮಿಲ್ಲಿನ ಬಾಗಿಲು."

"ಮಿಲ್ಲು ಯಾರದು? ನಮ್ಮದೇ ತಾನೆ. ನಿನ್ನ ಯಾರಾದ್ರೂ ತಡೆದವ್ರಾ? ಎಲ್ಲಿಗೆ ಅಂತ ಹೇಳು, ಹೋಗು."

"ಹೇಳದೆ ಹೋಗ್ಬೇಕು ಮಾವ."

ದೊಡ್ಡಪ್ಪ ನಿಜವಾಗಿಯೂ ಯೋಚಿಸಿದ. "ಹೇಳದೆ ಹೋಗೋವಂಥ ಜಾಗ ಈ ಊರಲ್ಲಿ ಯಾವುದಮ್ಮ?" ಅಂದ. ಆಮೇಲೆ ಆ ಡಬ್ಬ ಎತ್ತಿಕೊಡು ಅಂದ.

ಗೋಡೆಯ ಮೇಲೆ ಬೀದಿಯ ಎಲ್ಲರ ಕಣ್ಣೂ ಇತ್ತು. ಸಂಜೆ ಅದರ ನೆರಳು ಬೇಕಾದವರು, ಅದಕ್ಕೆ ಬೆನ್ನು ಒರಗಿಸಿ ಕೂರುವವರು, ಸುಮ್ಮನೆ ಎಲ್ಲರೂ ಇಟ್ಟಿದ್ದಾರಲ್ಲ ಅಂತ ಇಟ್ಟವರು. ದೊಡ್ಡಪ್ಪನದಂತೂ ಇದ್ದೇ ಇತ್ತು. ಅಣ್ಣ ಚಿಕ್ಕವನಿದ್ದಾಗ ಆ ಗೋಡೆಗೆ ಚೆಂಡು ಹೊಡೆದು ಆಡುತ್ತಿದ್ದ, ಆಗಲೇ ಅವನೂ ಇಟ್ಟಿದ್ದ. ಹೀಗಾಗಿ ಅತ್ತಿಗೆ ಗಾರೆ ಕೆಲಸದ ಚೌಡಪ್ಪನನ್ನು ಕರೆಸಿ, ಗೋಡೆಗೆ ಅಂಗೈ ಊರಿ "ಹಿಡಿದೆ" ಅಂದಾಗ, ಬೀದಿಯ ಜೊತೆಗೆ ನಮ್ಮ ಅಡುಗೆಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಅಣ್ಣನೂ ಬಿಕ್ಕಳಿಸಿದ.

"ನೀನಾ?" ಅಂದ.

"ನಾನೇ," ಅಂದಳು.

ಜನ ಮೊದಲು ಬೇಜಾರು ಮಾಡಿಕೊಳ್ಳಲಿಲ್ಲ. ನೀರಿನ ಲೋಟ ಹಿಡಿದು ಬಂದು ನೋಡುತ್ತ ನಿಂತರು. ಚೌಡಪ್ಪ ಕಿತ್ತು ಹಾಕಿದ ಕಲ್ಲುಗಳನ್ನು ಕೇಳಿ ಒಯ್ದರು. ದುಂಡಮ್ಮ ಒಂದನ್ನು ಬಟ್ಟೆ ಒಗೆಯುವ ಕಲ್ಲು ಮಾಡಿಕೊಂಡಳು, ಸೈಕಲ್ಲಿನವನು ಒಂದನ್ನು ಕೂರಲು ಇಟ್ಟುಕೊಂಡ. ದೊಡ್ಡಪ್ಪ ಮಿಲ್ಲಿನಲ್ಲಿ ಗಿರಾಕಿಗಳೆದುರು ಎದೆ ಉಬ್ಬಿಸಿ ಬಿಕ್ಕಳಿಸುತ್ತಿದ್ದ. ದಿನಕ್ಕೊಮ್ಮೆ ಒಳಬಾಗಿಲಿಗೆ ಬಂದು, "ಆಟ ಸಾಕು, ಬಿಟ್ಟೆ ಅಂದ್‌ಬುಡಮ್ಮ" ಅಂತ ಮಗುವಿಗೆ ಹೇಳುವ ಹಾಗೆ ಹೇಳಿ ಹೋಗುತ್ತಿದ್ದ. ಅತ್ತಿಗೆ ಇಟ್ಟಿಗೆ ನೆನೆಹಾಕುತ್ತ "ಅನ್ನಲ್ಲ ಮಾವ" ಅನ್ನುತ್ತಿದ್ದಳು.

ಚೌಡಪ್ಪ ಒಳ್ಳೆಯ ಕೆಲಸಗಾರ. ಮೇಲೆ ಹಾಸುಗಲ್ಲು ಕೊಟ್ಟು, ಕೆಳಗೆ ಹೊಸಿಲು ಕೂರಿಸಿ, ಹಲಸಿನ ಮರದ ಚೌಕಟ್ಟು ನಿಲ್ಲಿಸಿ, ಒಂಟಿ ಬಾಗಿಲು ಜೋಡಿಸಿ, ಚಿಲಕ ಹೊಡೆದ. ಕರಣೆ ತೊಳೆದು, "ಅಕ್ಕ, ಒಪ್ಪಿಸಿ, ನಾನು ಊಟಕ್ಕೆ ಹೋಗ್ತೀನಿ" ಅಂದ. ಅತ್ತಿಗೆ ಚಿಲಕ ಸರಿಸಿ ಬಾಗಿಲು ತೆರೆದಳು. ಮುಂದೆ ಬೀದಿ ಇತ್ತು. ಅಂಥ ನೋಡುವ ಬೀದಿಯೇನಲ್ಲ, ಒಂದು ಚರಂಡಿ, ಎರಡು ನಾಯಿ, ದುಂಡಮ್ಮನ ಕೋಳಿ. ಅತ್ತಿಗೆ ಮಾತ್ರ ಬಾಯಿ ತೆರೆದು ನೋಡಿದಳು. ನನ್ನ ಕೈ ಹಿಡಿದುಕೊಂಡು, "ನೋಡು ಶಾಂಭವಿ, ಮುಗಿಸೇಬಿಟ್ಟೆ" ಅಂದಳು.

ಬೀದಿಯ ಬಿಕ್ಕಳಿಕೆ ಒಮ್ಮೆಗೇ ನಿಂತಿತು. ಆ ನಿಶ್ಶಬ್ದದಲ್ಲಿ ಮೊದಲು ದುಂಡಮ್ಮನ ಒಗೆಯುವ ಕಲ್ಲು ಹೊರಟಿತು. ಅದರ ಮೇಲಿದ್ದ ಅವಳ ಗಂಡನ ಪಂಚೆಯನ್ನೂ ಹೊತ್ತುಕೊಂಡು ಉರುಳುತ್ತ ಬಂತು. ಸೈಕಲ್ಲಿನವನು ಕೂತಿದ್ದ ಕಲ್ಲು ಅವನನ್ನು ಚರಂಡಿಯ ಹತ್ತಿರ ಇಳಿಸಿ ಬಂತು. ಯಾರದೋ ಕೋಳಿಗೂಡಿನ ಅಡಿಯಿಂದ, ಯಾರದೋ ನೀರೊಲೆಯ ಸಂದಿಯಿಂದ ಕಲ್ಲುಗಳು ಎದ್ದು ಬಂದು, ಯಾರನ್ನೂ ತಳ್ಳದೆ, ಸರದಿಯಲ್ಲಿ ನಿಂತು ತಂತಮ್ಮ ಜಾಗ ಸೇರಿದವು. ಚೌಕಟ್ಟು ಬಾಗಿಲ ಸಮೇತ ಬೀದಿಗೆ ಬಿತ್ತು. ಚೌಡಪ್ಪ ಹೇಗೋ ಆಚೆ ಹಾರಿದ, ಅವನ ಲುಂಗಿಯ ಚುಂಗು ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಗೋಡೆ ಆಗಲೇ ಬಿಗಿಯಾಗಿತ್ತು, ಎಳೆದರೆ ಬರಲಿಲ್ಲ. ಅವನು ಲುಂಗಿಯನ್ನು ಅಲ್ಲೇ ಬಿಚ್ಚಿ, ಚಡ್ಡಿಯಲ್ಲಿ ಊಟಕ್ಕೆ ಹೋದ.

ಅತ್ತಿಗೆ ಅಳಲಿಲ್ಲ. ಗೋಡೆಗೆ ಮುಖ ಮಾಡಿ ತನ್ನ ಬಾಯಿಗೆ ತಾನೇ ಒಂದು ಏಟು ಹಾಕಿಕೊಂಡಳು. ಮರುದಿನ ಸೊಪ್ಪಿಗೆ ಹೊರಟಾಗ ದೊಡ್ಡಪ್ಪ, "ಹೋಗ್ಲಿ ಬುಡಮ್ಮ, ಆದದ್ದು ಆಯ್ತು. ಆ ಡಬ್ಬ ಎತ್ತಿ ಸುರಿ" ಅಂದ. ಅತ್ತಿಗೆ ಡಬ್ಬ ಎತ್ತಿ ಸುರಿದಳು. ಹಿಟ್ಟು ಜರಡಿ ಹಿಡಿದಳು. ಕೈ ಕೊಡವಿಕೊಂಡು, ಸೊಪ್ಪಿಗೆ ಹೋಗದೆ ಹಿಂದಕ್ಕೆ ತಿರುಗಿ ಒಳಗೆ ಬಂದಳು. ಕ್ಷಣದಲ್ಲಿ ಮಿಲ್ಲಿನ ಕಡೆಯಿಂದ ದೊಡ್ಡಪ್ಪ ಬಿಕ್ಕಳಿಸಿದ ಸದ್ದು ಕೇಳಿತು.

ಚೌಡಪ್ಪ ಈ ಸಲ ಗೋಡೆಯಿಂದ ತನ್ನ ಲುಂಗಿ ಬಿಡಿಸಿಕೊಂಡು, ಮಡಚಿ ಚೀಲದಲ್ಲಿಟ್ಟು, ಅತ್ತಿಗೆಗೆ ಒಂದು ಷರತ್ತು ಹಾಕಿದ. "ಅಕ್ಕ, ನಾನು ಕೆಲಸ ಮಾಡೋವಾಗ ನೀವು ಮಾತಾಡಕೂಡ್ದು. ಸಿಮೆಂಟು ಬೇಕಾದ್ರೆ ಕೈಸನ್ನೆ." ಅತ್ತಿಗೆ ತಲೆಯಾಡಿಸಿದಳು. ಮಲಗುವಾಗ ಬಾಯಿಗೆ ಸೆರಗು ಸುತ್ತಿಕೊಳ್ಳತೊಡಗಿದಳು. ಅವಳು ಹೇಳುತ್ತಿದ್ದ ಕತೆಗಳಿಗೆಲ್ಲ ಕೊನೆ ಇಲ್ಲದಂತಾಯಿತು. "ಹಾಲು ಉಕ್ಕಿತು ಶಾಂಭವಿ, ಓಡಿ ಹೋಗಿ ಬರಿಗೈಲಿ ಪಾತ್ರೆ ಹಿಡಿದು..." ಅಂತ ನಿಲ್ಲಿಸುತ್ತಿದ್ದಳು. ಪಾತ್ರೆ ಏನಾಯಿತು, ಕೈ ಏನಾಯಿತು ಎಂದು ನಾವೇ ತಿಳಿದುಕೊಳ್ಳಬೇಕಿತ್ತು. ದೊಡ್ಡ ರಜೆಗೆ ಬಂದಿದ್ದ ನನಗೆ ಓದಲು ಅನುಕೂಲವಾಯಿತು, ಬೇಸರವೇನೂ ಆಗಲಿಲ್ಲ.

ಬಾಗಿಲು ಎರಡನೇ ಸಲ ನಿಂತಾಗ ಬೀದಿ ಪೂರ್ತಿ ನೆರೆದಿತ್ತು. ಚೌಡಪ್ಪ ಕರಣೆ ತೊಳೆಯುತ್ತ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿದ.

"ಅಕ್ಕ, ಈಗ ಒಪ್ಪಿಸಿದೆ ಅಂತೀರಲ್ಲ, ಬಾಗಿಲು ತೆರೆದಿದ್ದಾಗ ಅಂತೀರೋ, ಮುಚ್ಚಿದಾಗ ಅಂತೀರೋ?"

ಯಾರಿಗೂ ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಒಪ್ಪಿಸಿದರೆ ಗೋಡೆ ಬಿಗಿಯಾಗುತ್ತದೆ. ಬಾಗಿಲು ಈಗ ಗೋಡೆಯ ಭಾಗ. ತೆರೆದಿಟ್ಟು ಒಪ್ಪಿಸಿದರೆ ಇನ್ನು ಮುಚ್ಚಲಾಗುವುದಿಲ್ಲ, ಮುಚ್ಚಿ ಒಪ್ಪಿಸಿದರೆ ತೆರೆಯಲಾಗುವುದಿಲ್ಲ. ನಮ್ಮೂರಲ್ಲಿ ಪರರ ಮನೆಯ ಬಾಗಿಲಿನ ಮೇಲೆ ಕಣ್ಣಿಡುವುದು ಬಚ್ಚಲಿನಲ್ಲಿ ಇಣುಕಿದಷ್ಟೇ ಹೊಲಸು ಕೆಲಸ, ಯಾರೂ ಇಡುವುದಿಲ್ಲ. ಕಣ್ಣಿದ್ದ ಗೋಡೆಗೆ ಬಾಗಿಲು ಇಟ್ಟವರೂ ಅದುವರೆಗೆ ಯಾರೂ ಇರಲಿಲ್ಲ. ಜನ ಗಂಭೀರವಾಗಿ ಚರ್ಚೆಗೆ ಇಳಿದರು.

"ತೆರೆದೇ ಇರ್ಲಿ, ಗಾಳಿ ಬರುತ್ತೆ," ಅಂದ ಬಳೆ ಅಂಗಡಿಯವನು.

"ನಿನ್ನಂಥವರೂ ಬರ್ತಾರೆ," ಅಂದಳು ದುಂಡಮ್ಮ. "ಓರೆ ಮಾಡಿ ಒಪ್ಪಿಸು ಚೆನ್ನಾಜಿ. ನಿನ್ನಷ್ಟು ಸಣ್ಣಗಿರೋರು ಹೋಗಿ ಬರ್ಬೋದು, ಮುದ್ದುವೀರಪ್ಪನಂಥೋರಿಗೆ ಆಗಲ್ಲ."

"ಇನ್ನೊಂದು ಮಗು ಆದ್ರೆ?" ಅಂದ ಸೈಕಲ್ಲಿನವನು. "ತುಂಬಿದ ಹೊಟ್ಟೆ ಓರೇಲಿ ಹೋಗುತ್ತಾ?"

ಜನರ ಹಿಂದೆ ನಿಂತಿದ್ದ ದೊಡ್ಡಪ್ಪ ನಕ್ಕ, ನಗುವಿನ ಮಧ್ಯೆ ಬಿಕ್ಕಳಿಸಿದ. "ಅದಕ್ಕೇ ಹೇಳಿದ್ದು, ಇರೋ ಬಾಗಿಲು ಸಾಕು ಅಂತ."

ಅತ್ತಿಗೆ ಬಾಗಿಲನ್ನು ಒಮ್ಮೆ ತೆರೆದಳು, ಒಮ್ಮೆ ಮುಚ್ಚಿದಳು. ಎಣ್ಣೆ ಹಾಕಿದ ಕೀಲು ಸದ್ದು ಮಾಡಲಿಲ್ಲ. "ಹಾಗಾದ್ರೆ ಒಪ್ಪಿಸಲ್ಲ," ಅಂದಳು. "ಹಿಡ್ಕೊಂಡೇ ಇರ್ತೀನಿ. ನಿಮ್ಮ ನಿಮ್ಮ ಕಣ್ಣು ನೀವು ತೆಗೀರಿ."

ಬೀದಿಯಲ್ಲಿ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ಇಟ್ಟ ಕಣ್ಣು ತೆಗೆಯುವುದೆಂದರೆ ನಮ್ಮವರಿಗೆ ಹಲ್ಲು ಕೀಳಿಸಿಕೊಂಡ ಹಾಗೆ. ಜನ ಮನೆಗೆ ಹೋದರು, ಮರುದಿನದಿಂದ ಅವಳ ಬಾಯಿಯ ಬೆನ್ನು ಹತ್ತಿದರು. ಹುಟ್ಟಿದಾಗಿನಿಂದ ಆ ಮಾತನ್ನು ನಾಲಿಗೆಗೆ ತಾಕಿಸದ ಹೆಂಗಸರು ಮನೆಯಲ್ಲಿ ಬಾಗಿಲು ಹಾಕಿಕೊಂಡು ಅದನ್ನು ಅಭ್ಯಾಸ ಮಾಡಿ ಬಂದರು. ಅವರ ಬಾಯಲ್ಲಿ ಅದು ಹೊಸ ಹಲ್ಲಿನ ಸೆಟ್ಟಿನ ಹಾಗೆ ಅಲ್ಲಾಡುತ್ತಿತ್ತು.

"ಏನ್ ಚೆನ್ನಾಜಿ, ಊಟ ಮಾಡ್‌ಬಿಟ್ಟೆಯಾ?" ಅಂತ ದುಂಡಮ್ಮ ಹೊಸ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಬಿಕ್ಕಳಿಕೆಗೆ ಅವಳ ಮೂಗುತಿ ಕುಣಿಯುತ್ತಿತ್ತು.

"ಆಯ್ತು."

"ಬಟ್ಟೆ ಒಗೆದ್‌ಬಿಟ್ಟೆಯಾ?"

"ಆಯ್ತು."

"ತವರುಮನೆ ಮರೆತೇಬಿಟ್ಟೆ ಅಂತ ಕಾಣುತ್ತೆ."

ಸೊಪ್ಪು ಬಿಡಿಸುತ್ತಿದ್ದ ಅತ್ತಿಗೆಯ ಕೈ ನಿಂತಿತು. "ಇಲ್ಲ," ಅಂದಳು.

"ಅಲ್ಲ ಕಣೇ, ಇದೇ ಕೋಪಕ್ಕೆ ನಿನ್ನ ಗಂಡ ನಿನ್ನ ಬಿಟ್ರೆ ಏನ್ ಮಾಡ್ತೀಯ?"

"ಬಾಗಿಲು ಹಾಕ್ಕೋತೀನಿ," ಅಂದಳು ಅತ್ತಿಗೆ, ಹಾಗೇ ಹಾಕಿಕೊಂಡಳು.

ಮೊದಲು ಸೋತವನು ಬಳೆ ಅಂಗಡಿಯವನು. ಹೆಣ್ಣುಮಕ್ಕಳ ಕೈ ಹಿಡಿದು ಬಳೆ ಏರಿಸುವಾಗ ಬಿಕ್ಕಳಿಸಿದರೆ ಗಾಜು ಉಳಿಯುತ್ತದೆಯೇ. ಅವನು ಯಾರೂ ನೋಡದ ಹೊತ್ತಲ್ಲಿ ಬಂದು ಗೋಡೆ ಮುಟ್ಟಿ ಕಣ್ಣು ತೆಗೆದು ಹೋದ. ಅಂಚೆ ಕಚೇರಿಯ ಮುದುಕರು ಆಡುತ್ತಿದ್ದ ಚೌಕಾಬಾರದ ಕವಡೆಗಳು ಕೈಯಿಂದ ತಾವಾಗಿ ಹಾರಿ ಜಗಳ ಹತ್ತಿ, ಮೂರೂ ಜನ ಒಟ್ಟಿಗೆ ಬಂದು ತೆಗೆದರು. ದುಂಡಮ್ಮ ತಿಂಗಳು ಎಳೆದಳು. ಕಡೆಗೆ ಅವಳ ತಮ್ಮನ ಮಗುವಿನ ನಾಮಕರಣ ಬಂತು. ಸೋದರತ್ತೆ ತಾನೇ ಕಿವಿಯಲ್ಲಿ ಹೆಸರು ಹೇಳಬೇಕಾದವಳು. 'ಚಂದ್ರಮೌಳಿ' ಅನ್ನಲು ಬಗ್ಗಿದಳು, ಚಂದ್ರ ಬರುವಷ್ಟರಲ್ಲಿ ಬಿಕ್ಕಳಿಕೆ ಬಂತು. ಮಗು ಬೆಚ್ಚಿ ಕಿರುಚಿತು. ಪುರೋಹಿತರು ಕಿವಿಗೆ ಬಿದ್ದದ್ದೇ ಹೆಸರು ಅಂದರು. ಅದನ್ನು ಈಗಲೂ ಚಂದಿಕ್ ಅಂತಲೇ ಕರೆಯುತ್ತಾರೆ. ದುಂಡಮ್ಮ ರೇಷ್ಮೆ ಸೀರೆಯಲ್ಲೇ ನೇರವಾಗಿ ನಮ್ಮ ಗೋಡೆಗೆ ಬಂದು ಅಂಗೈ ಊರಿದಳು. "ಕಣ್ಣು ತೆಗೆದೆ. ನಿನ್ನ ಬಾಗಿಲು, ನಿನ್ನ ಹಣೆಬರಹ. ಒಂದು ಲೋಟ ಮಜ್ಜಿಗೆ ಕೊಡು."

ಸೈಕಲ್ಲಿನವನೂ ಬೀದಿಯ ಮಿಕ್ಕವರೂ ಒಬ್ಬೊಬ್ಬರಾಗಿ ತೆಗೆದರು. ಅಣ್ಣನನ್ನು ಬಿಟ್ಟರೆ ಉಳಿದವನು ದೊಡ್ಡಪ್ಪ. ಅವನ ಬಿಕ್ಕಳಿಕೆಗೆ ಮೀಸೆಯಲ್ಲಿ ಕೂತ ಹಿಟ್ಟು ಹೊಗೆಯಂತೆ ಹಾರುತ್ತಿತ್ತು. ಅದನ್ನೂ ತಡೆದುಕೊಂಡ. ತಡೆಯಲಾಗದ್ದು ಮುದ್ದೆ. ಮುದ್ದೆಯನ್ನು ಅಗಿಯುವ ಹಾಗಿಲ್ಲ, ನುಂಗಬೇಕು, ನುಂಗುವಾಗ ಗಂಟಲು ಸುಮ್ಮನಿರಬೇಕು. ಅವನು ಗಂಜಿಗೆ ಇಳಿದ. ರಾಗಿ ಬೀಸುವ ಮನುಷ್ಯ ಗಂಜಿ ಕುಡಿಯುತ್ತಾನೆ ಅಂತ ಗಿರಾಕಿಗಳು ನಕ್ಕಾಗ ರೋಷ ಬಂದು, ಒಂದು ಮಧ್ಯಾಹ್ನ ಮನೆಗೆ ಹೋಗದೆ ಮಿಲ್ಲಿನಲ್ಲೇ ಬುತ್ತಿ ತರಿಸಿಕೊಂಡು ಮುದ್ದೆ ಮುರಿದ. ಎರಡನೇ ತುತ್ತು ಗಂಟಲಲ್ಲಿ ನಿಂತಿತು. ಮುಖ ನೇರಳೆಯಾಯಿತು. ಅಣ್ಣ ನೀರು ಹಿಡಿದು "ಇನ್ನೇನು ಇಳಿಯುತ್ತೆ" ಅನ್ನುತ್ತ ನಿಂತಿದ್ದ. ಅತ್ತಿಗೆ ಒಳಗಿನಿಂದ ಬಂದು ದೊಡ್ಡಪ್ಪನ ಬೆನ್ನಿಗೆ ಗುದ್ದಿದಳು. ಎಷ್ಟು ದಿನದ್ದೋ ಗುದ್ದು ಅದು. ತುತ್ತು ಹಾರಿ ಮಿಷನ್ನಿನ ಬೆಲ್ಟಿಗೆ ಅಂಟಿತು.

ದೊಡ್ಡಪ್ಪ ಉಸಿರು ಬಂದ ಮೇಲೆ ಅವಳ ಮುಖ ನೋಡಲಿಲ್ಲ. ಎದ್ದು ನಮ್ಮ ಮನೆಯೊಳಗೆ ನಡೆದು ಹಿಂದಿನ ಕೋಣೆಯ ಗೋಡೆ ಮುಟ್ಟಿದ. "ಹಾಳಾಗೋಗ್ಲಿ. ನನಗೆ ಮುದ್ದೆ ಬೇಕು. ತೆಗೆದೆ ಕಣ್ಣು." ಅಂದವನೇ ಹಿಂತಿರುಗಿ ಹೋಗಿ ತಣ್ಣಗಾದ ಮುದ್ದೆಯನ್ನೇ ಪೂರ್ತಿ ತಿಂದ. ಆಮೇಲೆ ಅಣ್ಣನನ್ನು ಮೂಟೆಗಳ ಹಿಂದಕ್ಕೆ ಕರೆದದ್ದು, ಕೈಯೊರೆಸುತ್ತ ಹೇಳಿದ್ದು ಒಳಬಾಗಿಲ ಹತ್ತಿರ ಅಕ್ಕಿ ಆರಿಸುತ್ತಿದ್ದ ನನಗೆ ಕೇಳಿತು. "ಗುರುಮಲ್ಲ, ನೀನೊಬ್ಬ ಕಣ್ಣು ತೆಗೀಬೇಡ. ಒಂದು ಕಣ್ಣು ಸಾಕು. ಇವತ್ತಲ್ಲ ನಾಳೆ ಅವಳ ನಾಲಿಗೆ ಜಾರುತ್ತೆ. ತೆಗೆದೆ ಅಂತ ಗೊತ್ತಾದ್ರೆ ಮಿಲ್ಲಿಗೆ ಬೇರೆ ಆಳು ನೋಡ್ತೀನಿ."

ಅಣ್ಣ "ಹ್ಞೂಂ" ಅಂದ, "ಹಿಕ್" ಅಂದ.

ಬೀದಿ ಶಾಂತವಾಯಿತು. ನಮ್ಮ ಮನೆಯೊಳಗೆ ಮಾತ್ರ ಒಂದು ಬಿಕ್ಕಳಿಕೆ ಉಳಿಯಿತು, ಉಣ್ಣುವಾಗ, ಮೀಯುವಾಗ, ಗೌರಿಯನ್ನು ತೊಡೆಯ ಮೇಲೆ ಆಡಿಸುವಾಗ. "ನಂದು ಯಾವತ್ತೋ ತೆಗೆದೆ ಕಣೇ," ಅಂತ ಅಣ್ಣ ಅತ್ತಿಗೆಗೆ ಹೇಳಿದ. "ಇದು ಒಣ ಅವಲಕ್ಕಿ ತಿಂದದ್ದಕ್ಕೆ." ನಮ್ಮೂರಲ್ಲಿ ಅವಲಕ್ಕಿಗೆ ಬಿಕ್ಕಳಿಸಿದವರನ್ನು ನಾನು ಕಂಡಿಲ್ಲ. ಕೇಳಿದ್ದನ್ನು ಅತ್ತಿಗೆಗೆ ಹೇಳಿದೆ. ಹೇಳುವಾಗ ಅವಳು ಹಿಟ್ಟು ನಾದುತ್ತಿದ್ದಳು, ನಾದುವುದನ್ನು ನಿಲ್ಲಿಸಲಿಲ್ಲ. "ಗೊತ್ತು," ಅಂದಳು. ಪರೀಕ್ಷೆ ಮಾಡಿ ನೋಡುವ ದಾರಿ ಅವಳಿಗಿರಲಿಲ್ಲ. ಆ ಒಂದು ಮಾತು ಆಡಿದರೆ ಅಣ್ಣನ ಸುಳ್ಳೂ ಗೊತ್ತಾಗುತ್ತಿತ್ತು, ಬಾಗಿಲೂ ಹೋಗುತ್ತಿತ್ತು. ಬಾಗಿಲು ಹೋದರೆ ಮೂರನೇ ಸಲಕ್ಕೆ ಬರುವುದಿಲ್ಲ ಅಂತ ಚೌಡಪ್ಪ ಮೊದಲೇ ಹೇಳಿದ್ದ. ಅಷ್ಟು ದಿನವೂ ಅವಳು ಆ ಬಾಗಿಲಿನಿಂದ ಹೆಚ್ಚು ದೂರ ಹೋಗಿರಲಿಲ್ಲ. ಬೀದಿಯಲ್ಲಿ ಯಾರಾದರೂ ಮಾತಿಗೆ ಎಳೆದಾರೆಂದು ಹೊಸಿಲ ಮೇಲೆ ಕೂತು ಬೀದಿ ನೋಡುತ್ತಿದ್ದಳು, ಅಷ್ಟೇ.

ಒಂದು ಬೆಳಿಗ್ಗೆ ಅವಳು ಒಲೆಯ ಮೇಲೆ ಹಾಲು ಇಟ್ಟು, ಮಿಲ್ಲಿಗೆ ಹೊರಟಿದ್ದ ಅಣ್ಣನನ್ನು ಕರೆದಳು. "ರೀ, ಇಲ್ಲಿ ಬನ್ನಿ. ಬಾಗಿಲ ಮಧ್ಯೆ ನಿಂತ್ಕೊಳ್ಳಿ."

"ಯಾಕೆ?"

"ಎತ್ತರ ನೋಡ್ಬೇಕು."

ಅಣ್ಣ ಹೋಗಿ ಹೊಸಿಲ ಮೇಲೆ ನಿಂತ. ಹಳೆಯ ಕಾಲದ ದಪ್ಪ ಗೋಡೆ, ಒಬ್ಬ ಮನುಷ್ಯ ಅದರ ದಪ್ಪದೊಳಗೆ ಪೂರ್ತಿ ಅಡಗುತ್ತಾನೆ. ತಲೆಗೂ ಹಾಸುಗಲ್ಲಿಗೂ ನಡುವೆ ಒಂದು ಗೇಣು ಇತ್ತು. "ಸರಿಯಾಗಿದೆ," ಅಂದ. ಬಿಕ್ಕಳಿಸಿದ.

"ನಿಮ್ಮ ಕಣ್ಣು ತೆಗೆದಾಗಿದೆ ತಾನೆ?"

"ಎಷ್ಟು ಸಲ ಹೇಳೋದು?"

"ಗೌರಿ ಮೇಲಾಣೆ?"

"ಮಗು ಮೇಲೆಲ್ಲ ಯಾಕೆ ಆಣೆ? ದೇವರಾಣೆ."

"ಹಾಗಾದ್ರೆ ನಾನು ಈಗ ಆ ಮಾತು ಅಂದ್ರೆ ಏನೂ ಆಗಲ್ಲ."

ಅಣ್ಣ ಎಡಕ್ಕೆ ನೋಡಿದ, ಅಲ್ಲಿ ಕಲ್ಲು. ಬಲಕ್ಕೆ ನೋಡಿದ, ಅಲ್ಲೂ ಕಲ್ಲು. ಒಂದು ಹೆಜ್ಜೆ ಬೀದಿಗೋ ಒಳಕ್ಕೋ ಇಟ್ಟರೆ ಸಾಕಿತ್ತು, ಆದರೆ ಇಟ್ಟರೆ ಸುಳ್ಳು ಹೊರಬೀಳುತ್ತಿತ್ತು. ಮಿಲ್ಲಿನ ಕಡೆಯಿಂದ ದೊಡ್ಡಪ್ಪ ಬೆಲ್ಟು ಏರಿಸುವ ಸದ್ದು ಬರುತ್ತಿತ್ತು. ಜೀವನದಲ್ಲಿ ಅಣ್ಣ ಎರಡು ಕಡೆಗೂ ಸೇರದೆ ನಿಂತುಕೊಂಡೇ ಕಾಲ ಕಳೆದಿದ್ದ, ನಿಂತ ಜಾಗ ಅವನನ್ನು ಹಿಂಡೀತು ಅಂತ ಯಾರೂ ಹೇಳಿರಲಿಲ್ಲ. ಅತ್ತಿಗೆ ಸೆರಗಿನಿಂದ ಬಾಯಿ ಒರೆಸಿಕೊಂಡು, ಉಸಿರೆಳೆದುಕೊಂಡು, ತುಟಿ ಜೋಡಿಸಿದಳು.

"ಬಿ," ಅಂದಳು.

ಅಣ್ಣ ಎರಡೂ ಅಂಗೈಗಳನ್ನು ಎರಡು ಕಡೆಯ ಕಲ್ಲಿಗೆ ಬಡಿದ. "ತೆಗೆದೆ. ಕಣ್ಣು ತೆಗೆದೆ." ಗಂಟಲವರೆಗೆ ಬಂದಿದ್ದ ಬಿಕ್ಕಳಿಕೆ ಅಲ್ಲೇ ಕರಗಿತು, ಬಾಯಿ ಮಾತ್ರ ತೆರೆದೇ ಉಳಿಯಿತು.

"ಈಗ ತೆಗೆದ್ರಾ?"

"ಈಗ ತೆಗೆದೆ."

"ಬೇರೆ ಯಾರದ್ದೂ ಉಳಿದಿಲ್ವಾ?"

"ನನಗೇನೇ ಗೊತ್ತು? ಬೀದಿ ತುಂಬಾ ಜನ. ತಾಳು, ನಾನು ಮೊದಲು ಈಚೆಗೆ..."

"ಬಿಟ್ಟೆ," ಅಂದಳು ಅತ್ತಿಗೆ.

ಅಣ್ಣ ಕಣ್ಣು ಮುಚ್ಚಿಕೊಂಡ. ನಾನೂ ಮುಚ್ಚಿಕೊಂಡೆ. ಬೀದಿಯಲ್ಲಿ ಯಾವ ಕಲ್ಲೂ ಹೊರಡಲಿಲ್ಲ. ದುಂಡಮ್ಮ ಮತ್ತೆ ಒಯ್ದಿದ್ದ ಅದೇ ಕಲ್ಲಿನ ಮೇಲೆ ಒಗೆಯುತ್ತಿದ್ದ ಸದ್ದು ಹಾಗೇ ಮುಂದುವರಿಯಿತು. ಹಾಸುಗಲ್ಲಿನ ಸಂದಿಯಿಂದ ಸ್ವಲ್ಪ ಮಣ್ಣು ಅಣ್ಣನ ತಲೆಯ ಮೇಲೆ ಉದುರಿತು, ಅದು ಹಲ್ಲಿ ಓಡಿದ್ದಕ್ಕೆ.

ಅತ್ತಿಗೆ ಇನ್ನೊಂದು ಸಲ ಅಂದು ನೋಡಿದಳು. ಆಮೇಲೆ ಅವಳನ್ನು ನಿಲ್ಲಿಸುವವರಿರಲಿಲ್ಲ. ತಲೆ ಬಾಚಿಕೊಳ್ಳುತ್ತ, ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ, ಮೂಲೆಯಲ್ಲಿದ್ದ ಚಪ್ಪಲಿಯನ್ನು ಕಾಲಿನಿಂದ ಎಳೆದುಕೊಳ್ಳುತ್ತ ಒಂದೇ ಸಮನೆ ಹೇಳಿದಳು. ಆವತ್ತು ಸಾರಿಗೆ ಉಪ್ಪು ಹಾಕೋದು ಮರೆತೇಬಿಟ್ಟೆ, ನೀವು ಸುಮ್ನೆ ತಿಂದ್ರಿ. ಗೌರಿಯ ಹೊಸ ಲಂಗ ಒಲೆ ಹತ್ರ ಇಟ್ಟು ಸುಟ್ಟುಬಿಟ್ಟೆ, ಹೇಳೋಕೆ ಆಗಲಿಲ್ಲ. ಶಾಂಭವಿ, ಆ ಹಾಲಿನ ಪಾತ್ರೆ ಕೈಬಿಟ್ಟೆ ಕಣೇ, ಬೆರಳು ನೋಡು. ನಮ್ಮಮ್ಮನ್ನ ನೆನೆಸ್ಕೊಂಡು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ನಿಮ್ಮನ್ನ ಒಂದಿನ ಮನಸ್ಸಲ್ಲೇ ಬೈದುಬಿಟ್ಟೆ, ಒಂದಿನ ಅಲ್ಲ, ದಿನಾ.

"ದಾರಿ ಬಿಡ್ರೀ," ಅಂದಳು ಕೊನೆಗೆ.

ಅಣ್ಣ ಗೋಡೆಗೆ ಒರಗಿ ಹೊಟ್ಟೆ ಒಳಗೆಳೆದುಕೊಂಡ. ಅತ್ತಿಗೆ ಅವನನ್ನು ದಾಟಿ ಬೀದಿಗಿಳಿದು, ಬಲಗಡೆಗೆ ತಿರುಗಿದಳು. ಅವಳ ಮಾತು ತಿರುವಿನವರೆಗೂ ಕೇಳುತ್ತಿತ್ತು.

"ಗುರುಮಲ್ಲಾ, ಎಲ್ಲಿ ಸತ್ತೆ?" ಅಂತ ಮಿಲ್ಲಿನಿಂದ ದೊಡ್ಡಪ್ಪ ಕೂಗಿದ. ಅಣ್ಣ ಬಾಗಿಲಲ್ಲೇ ನಿಂತಿದ್ದ. "ದೊಡ್ಡಪ್ಪಂಗೆ ಏನು ಹೇಳ್ಲಿ?" ಅಂತ ನನ್ನನ್ನು ಕೇಳಿದ. ನನಗೇನು ಗೊತ್ತು ಅಂದೆ. ಒಳಗೆ ಹಾಲು ಉಕ್ಕುವ ವಾಸನೆ ಬಂತು. ಹೋಗಿ ಒಲೆ ಆರಿಸಿದೆ.